ತೆರಿಗೆ ವಂಚನೆ ತಿಳಿಸಿದ ಗುಮಾಸ್ತನನ್ನು ಕಾಯುವವರು ಯಾರು?

ಎಲ್ಲರಿಗೂ ನಮಸ್ಕಾರ. ತೆರಿಗೆ ವಂಚನೆಯ ಬಗ್ಗೆ ಇಲಾಖೆಗೆ ಮಾಹಿತಿ ಕೊಡುವ ಒಬ್ಬ ಸಾಮಾನ್ಯ ನೌಕರನಿಗೆ ನಮ್ಮ ಕಾನೂನು ಎಷ್ಟರ ಮಟ್ಟಿಗೆ ಆಸರೆಯಾಗಿದೆ ಎಂಬುದನ್ನು ಕಾಸರಗೋಡಿನಂಥ ಊರಿನಿಂದ ನೋಡಿದಾಗ ಏನು ಕಾಣುತ್ತದೆ ಎಂಬುದೇ ಇವತ್ತಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಬಹುಮಾನದ ಯೋಜನೆ ಇದೆ, ಹೆಸರನ್ನು ಗುಟ್ಟಾಗಿಡುವ ಭರವಸೆಯೂ ಇದೆ, ಆದರೆ ಆ ಗುಟ್ಟು ರಟ್ಟಾದ ದಿನ ನೌಕರನ ಬೆನ್ನಿಗೆ ನಿಲ್ಲುವ ಕಾನೂನು ಇಲ್ಲ.

ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಪೆರ್ಲದಲ್ಲೋ ಒಂದು ಅಡಿಕೆ ಅಂಗಡಿ ಇದೆ ಎಂದುಕೊಳ್ಳಿ. ಒಣ ಅಡಿಕೆಗೆ ಶೇಕಡಾ 5ರ ಜಿಎಸ್‌ಟಿ ಇದೆ. ಲೋಡು ರಾಜ್ಯದ ಗಡಿಯಾದ ತಲಪಾಡಿ ದಾಟುವಾಗ ಇ-ವೇ ಬಿಲ್ಲಿನಲ್ಲಿ, ಅಂದರೆ ಸರಕು ಸಾಗಣೆಯ ಆನ್‌ಲೈನ್ ದಾಖಲೆಯಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು ತೂಕ ಇರುತ್ತದೆ. ಕೆಲವೊಮ್ಮೆ ಸರಕೇ ಇಲ್ಲದೆ ಬಿಲ್ಲು ಮಾತ್ರ ಓಡಾಡುತ್ತದೆ. ಇದು ತಿಳಿದಿರುವುದು ಮೂವರಿಗೆ ಮಾತ್ರ: ಮಾಲಕರಿಗೆ, ಲೆಕ್ಕ ಬರೆಯುವ ಗುಮಾಸ್ತನಿಗೆ, ತೂಕದ ಚೀಟಿ ಬರೆಯುವ ಹುಡುಗನಿಗೆ. ಗುಮಾಸ್ತ ಇಲಾಖೆಗೆ ತಿಳಿಸುತ್ತಾನೆ, ಅಧಿಕಾರಿಗಳು ಬರುತ್ತಾರೆ, ಬಂದವರು ನೇರವಾಗಿ ಇಂಥ ತಿಂಗಳ, ಇಂಥ ಕಪಾಟಿನ ಪುಸ್ತಕವನ್ನೇ ಕೇಳುತ್ತಾರೆ. ಅವರು ಯಾರ ಹೆಸರನ್ನೂ ಎತ್ತುವುದಿಲ್ಲ, ಎತ್ತುವ ಅಗತ್ಯವೂ ಇರುವುದಿಲ್ಲ. ಆ ಪುಸ್ತಕದ ಪ್ರಶ್ನೆ ಬಂದ ಕ್ಷಣದಲ್ಲೇ ಮಾಲಕರಿಗೆ ಎಲ್ಲವೂ ಅರ್ಥವಾಗಿರುತ್ತದೆ. ನೂರಾರು ಜನ ದುಡಿಯುವ ಕಂಪೆನಿಯಲ್ಲಿ ಹೆಸರನ್ನು ಮುಚ್ಚಿಟ್ಟರೆ ಮನುಷ್ಯನೂ ಮರೆಯಾಗಬಹುದು. ಮೂರು ಜನರ ಅಂಗಡಿಯಲ್ಲಿ ಕೊಟ್ಟ ಮಾಹಿತಿಯೇ ಕೊಟ್ಟವನನ್ನು ತೋರಿಸಿಕೊಡುತ್ತದೆ.

ಈಗ ಕಾನೂನಿನ ಮಾತು. ಮೇಲಿನ ಉದಾಹರಣೆ ಜಿಎಸ್‌ಟಿಯದ್ದಾದರೂ, ಮೊದಲು ಆದಾಯ ತೆರಿಗೆಯ ಯೋಜನೆಯನ್ನು ನೋಡೋಣ. ಆದಾಯ ತೆರಿಗೆಗೆ ಸಂಬಂಧಿಸಿ 2018ರ ಏಪ್ರಿಲಿನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯು ಮಾಹಿತಿದಾರರ ಬಹುಮಾನ ಯೋಜನೆಯನ್ನು ಹೊರಡಿಸಿತು. ಬಚ್ಚಿಟ್ಟ ಆದಾಯದ ಬಗ್ಗೆ ಮಾಹಿತಿ ಕೊಟ್ಟವರಿಗೆ, ಅದರಿಂದ ವಸೂಲಾದ ಹೆಚ್ಚುವರಿ ತೆರಿಗೆಯ ಶೇಕಡಾ 5ರಂತೆ 50 ಲಕ್ಷ ರೂಪಾಯಿಯವರೆಗೆ, ವಿದೇಶದಲ್ಲಿ ಬಚ್ಚಿಟ್ಟ ಹಣ ಮತ್ತು ಆಸ್ತಿಯ ಬಗೆಗಿನ ಮಾಹಿತಿಗೆ 5 ಕೋಟಿ ರೂಪಾಯಿಯವರೆಗೆ ಬಹುಮಾನ ನೀಡಬಹುದು. ಮಾಹಿತಿದಾರನಿಗೆ ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಕಾನೂನು ಅಥವಾ ನ್ಯಾಯಾಲಯ ಕೇಳಿದ ಹೊರತು ಅವನ ಗುರುತನ್ನು ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ. ಆದರೆ ಅದೇ ಯೋಜನೆಯ ಪ್ರಕಾರ ಬಹುಮಾನವು ಸರಕಾರದ ಔದಾರ್ಯವೇ ಹೊರತು ಹಕ್ಕಲ್ಲ. ಮಾಹಿತಿ ಸುಳ್ಳೆಂದು ತಿಳಿದರೆ ಕೊಟ್ಟವನ ಮೇಲೆ ಮೊಕದ್ದಮೆ ಹೂಡಬಹುದು. ಕೆಲಸ ಹೋದರೆ ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಹೌದು, ಇದೆ. ಹಳೆಯ ಸಾಕ್ಷ್ಯ ಅಧಿನಿಯಮದ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಮು, ಸರಕಾರದ ಆದಾಯಕ್ಕೆ ಸಂಬಂಧಿಸಿದ ಅಪರಾಧದ ಮಾಹಿತಿ ಎಲ್ಲಿಂದ ಸಿಕ್ಕಿತು ಎಂದು ಹೇಳುವಂತೆ ಕಂದಾಯ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕಲಮು ಕೂಡ, ಗುಟ್ಟಾಗಿ ನೆರವಾದವರ ಗುರುತು ಹೊರಬೀಳುವಂತಿದ್ದರೆ ಅಂಥ ಮಾಹಿತಿಯನ್ನು ನಿರಾಕರಿಸಲು ಅವಕಾಶ ನೀಡುತ್ತದೆ. ಈ ಎರಡನ್ನೂ ನಿಧಾನವಾಗಿ ಓದಿ ನೋಡಿ. ಹೇಳದಿರುವ ಅವಕಾಶ ಅಧಿಕಾರಿಗೆ ಸೇರಿದ್ದು. ಅಧಿಕಾರಿ ಹೇಳಕೂಡದು ಎಂದು ಪಟ್ಟು ಹಿಡಿಯುವ ಹಕ್ಕನ್ನು ಈ ಕಲಮುಗಳು ಗುಮಾಸ್ತನಿಗೆ ಕೊಟ್ಟಿಲ್ಲ.

ಇದು ಬರೀ ಕಾಗದದ ಮೇಲಿನ ಭಯವಲ್ಲ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡಿದ್ದರು. ಆ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅವರ ಪ್ರಕರಣ ತೆರಿಗೆಯದ್ದಲ್ಲ ಎಂಬುದು ನಿಜ. ಆದರೆ ಒಂದು ಕಚೇರಿಯ ಕಡತದಲ್ಲಿ ಹೆಸರು ಹೇಗೆ ಸಾಗುತ್ತದೆ ಎಂಬುದು ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಪಾಠ. ಆಮೇಲೆ, 2004ರಲ್ಲಿ, ಇಂಥ ದೂರುಗಳನ್ನು ಸ್ವೀಕರಿಸುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸುವ ನಿರ್ಣಯ ಬಂತು. ಅಕ್ರಮ ಬಯಲಿಗೆಳೆಯುವವರ ರಕ್ಷಣಾ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಕಾಯ್ದೆ ಜಾರಿಗೆ ಬರಲಿಲ್ಲ. ಬಂದಿದ್ದರೂ ಅದು ಸರಕಾರಿ ನೌಕರರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು. ಅಡಿಕೆ ಅಂಗಡಿಯ ಗುಮಾಸ್ತ ಅದರ ನೆರಳಿಗೂ ಬರುತ್ತಿರಲಿಲ್ಲ.

ಅಮೆರಿಕದಲ್ಲಿಯೂ ಬಹುಮಾನ ಮೊದಲು ಬಂತು, ರಕ್ಷಣೆ ತಡವಾಗಿ ಬಂತು. ಆದರೆ 2019ರ ಕಾನೂನಿನ ಬಳಿಕ, ತೆರಿಗೆ ವಂಚನೆ ತಿಳಿಸಿದ್ದಕ್ಕಾಗಿ ಕೆಲಸ ಕಳೆದುಕೊಂಡವನು ಅದೇ ಕೆಲಸವನ್ನೂ, ಬಾಕಿ ಸಂಬಳದ ಎರಡು ಪಟ್ಟನ್ನೂ ಕೇಳಿ ಪಡೆಯಬಹುದು. ನಮಗೆ ಬೇಕಾದುದು ಇಂಥ ಕಲಮು. 50 ಲಕ್ಷದ ಆಸೆ ತೋರಿಸುವುದಕ್ಕಿಂತ, ಮುಂದಿನ ತಿಂಗಳ ಸಂಬಳ ನಿಲ್ಲದು ಎಂಬ ಖಾತರಿಯೇ ಹೆಚ್ಚು ಬಾಯಿಗಳನ್ನು ತೆರೆಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಹಗೆ ತೀರಿಸಲು ಮೂಗರ್ಜಿ ಬರೆಯುವವರಿಗೆ ಇದರಿಂದ ಬಲ ಬರುವುದಿಲ್ಲವೇ ಎಂದು ವ್ಯಾಪಾರಿಗಳು ಕೇಳುತ್ತಾರೆ. ಪ್ರಾಮಾಣಿಕವಾಗಿ ಅಂಗಡಿ ನಡೆಸುವವರ ಈ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಹೆಸರೇ ಇಲ್ಲದ ಮೂಗರ್ಜಿ ಬೇರೆ, ಇಲಾಖೆಗೆ ಹೆಸರು ಕೊಟ್ಟು ದಾಖಲೆಯ ಆಧಾರದಲ್ಲಿ ಮಾತಾಡುವುದು ಬೇರೆ. ಎರಡನೆಯವನಿಗೆ ರಕ್ಷಣೆ ಸಿಕ್ಕರೆ ಮೂಗರ್ಜಿಯ ಅಗತ್ಯವೇ ಕಡಿಮೆಯಾಗುತ್ತದೆ.

ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಸಂವಿಧಾನದ 350ನೇ ವಿಧಿಯಂತೆ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸಬಹುದು. ಕನ್ನಡದಲ್ಲಿ ಬರೆಯುವುದು ಯಾರ ಕೃಪೆಯೂ ಅಲ್ಲ. ಆದರೆ ಕೇರಳದ ಕಚೇರಿಗೆ ಹೋದ ಕನ್ನಡ ಅರ್ಜಿಯನ್ನು ಓದಲು ಅನುವಾದಕರು ಬೇಕಾಗುತ್ತಾರೆ, ಅಂದರೆ ಗುಟ್ಟು ಇನ್ನೊಬ್ಬರ ಕೈಗೆ ಹೋಗುತ್ತದೆ. ಆ ಅನುವಾದಕರು ಅದೇ ಊರಿನವರಾದರೆ ಕೈಬರಹದಿಂದಲೇ ಬರೆದವರನ್ನು ಗುರುತಿಸಬಹುದು. ಇದನ್ನು ತಪ್ಪಿಸಲು ಗುಮಾಸ್ತನೇ ಊರಿನ ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿಕೊಂಡರೆ, ಅರ್ಜಿ ಅಂಚೆಗೆ ಬೀಳುವ ಮೊದಲೇ ವಿಷಯ ಇನ್ನೊಬ್ಬರಿಗೆ ತಿಳಿದಿರುತ್ತದೆ. ಆದ್ದರಿಂದ ಅರ್ಜಿಯಿಂದ ಹೆಸರನ್ನೂ ವಿಳಾಸವನ್ನೂ ಕೈಬರಹವನ್ನೂ ಬೇರ್ಪಡಿಸಿ, ಟೈಪು ಮಾಡಿದ ಪ್ರತಿಯನ್ನು ಮಾತ್ರ ಜಿಲ್ಲೆಯ ಹೊರಗಿನ ಅನುವಾದಕರಿಗೆ ಕೊಡಬೇಕು. ಗುಟ್ಟು ಬಿಟ್ಟುಕೊಟ್ಟವರು ಅನುವಾದಕರಾಗಲಿ ಅಧಿಕಾರಿಯಾಗಲಿ, ಅವರಿಗೆ ಶಿಕ್ಷೆಯಾಗುವಂತೆ ನಿಯಮ ಬರಬೇಕು. ಕಾಸರಗೋಡು ಮತ್ತು ಮಂಜೇಶ್ವರದ ಶಾಸಕರೂ ನಮ್ಮ ಲೋಕಸಭಾ ಸದಸ್ಯರೂ ಈ ಬೇಡಿಕೆಯನ್ನು ಲಿಖಿತವಾಗಿ ಹಣಕಾಸು ಸಚಿವಾಲಯದ ಮುಂದಿಡಬೇಕೆಂದು ನಾನು ಒತ್ತಾಯಿಸುತ್ತೇನೆ.