ನಾಳೆ ಬಾ

ಕೇಳುಗರೇ, ನಮಸ್ಕಾರ.

ಹಳೆ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ರಾತ್ರಿ ಹೊತ್ತು ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಕಥೆ ಮುಗಿಯಿತು ಅನ್ನುವ ಮಾತಿತ್ತು. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಈ ಬರಹ ಕಾಣುತ್ತಿತ್ತು. ದೆವ್ವ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ. ಮಾರನೆಯ ದಿನ ಬಂದರೆ ಮತ್ತೆ ಅದೇ ಬರಹ. ಪಾಪ, ಅದಕ್ಕೆ ಓದು ಬರುತ್ತದೆ, ಲೆಕ್ಕ ಬರುವುದಿಲ್ಲ.

ಇದೇ ಎರಡು ಪದ ಬೈಬಲಿನಲ್ಲೂ ಇವೆ. ಜ್ಞಾನೋಕ್ತಿಗಳು ಅನ್ನುವ ಪುಸ್ತಕ, 3ನೇ ಅಧ್ಯಾಯ, 28ನೇ ವಚನ. ಕೊಡಬೇಕಾದದ್ದು ನಿನ್ನ ಕೈಯಲ್ಲೇ ಇರುವಾಗ ನೆರೆಯವನಿಗೆ ‘ಹೋಗು, ನಾಳೆ ಬಾ, ಕೊಡುತ್ತೇನೆ’ ಅನ್ನಬೇಡ ಎಂದು ಅಲ್ಲಿದೆ. ಇಲ್ಲಿ ಬಾಗಿಲ ಹೊರಗೆ ನಿಂತಿರುವುದು ದೆವ್ವವಲ್ಲ. ಬೆಳಗಿಂದ ನಮ್ಮ ಮನೆಯ ಕೆಲಸ ಮಾಡಿದ ಮನುಷ್ಯ.

ನಾನು ಪಾದ್ರಿಯಲ್ಲ. ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದವನು. ತೋಟದವರಿಗೆ ಗೊತ್ತು, ರೈಟರ್ ಅಂದರೆ ಕಥೆ-ಕಾದಂಬರಿ ಬರೆಯುವವನಲ್ಲ. ಹಾಜರಿ ಹಾಕುವುದು, ಕೊಯ್ದ ಹಣ್ಣು ತೂಕ ಮಾಡಿಸಿ ಬರೆದುಕೊಳ್ಳುವುದು, ಶನಿವಾರ ಸಂಜೆ ಕೂಲಿ ಬಟವಾಡೆ ಮಾಡುವುದು, ಇಷ್ಟೇ ನನ್ನ ಬರವಣಿಗೆ. ಬಟವಾಡೆ ದಿನ ಆಳುಗಳಿರುವ ಲೈನ್ ಮನೆಗಳ ಕಡೆಯಿಂದ ಬರುವ ಗದ್ದಲವೇ ಬೇರೆ. ಹೆಂಗಸರು ಮುಖ ತೊಳೆದು ಬಂದಿರುತ್ತಿದ್ದರು. ಮಕ್ಕಳು ಆಫೀಸಿನ ಜಗಲಿ ಮೇಲೆ ಕುಳಿತಿರುತ್ತಿದ್ದವು. ಮಾರನೆಯ ದಿನ ಸಂತೆ. ಅಲ್ಲಿ ಅಕ್ಕಿ, ಮೆಣಸಿನಕಾಯಿ, ಒಣಮೀನು, ಮಕ್ಕಳಿಗೆ ಬತ್ತಾಸು. ನನ್ನ ಲೆಕ್ಕದಲ್ಲಿ ಐದು ನಿಮಿಷ ತಡವಾದರೆ ಸಾಕು, ಜಗಲಿಯ ಮೇಲೆ ಮಾತು ನಿಂತುಹೋಗುತ್ತಿತ್ತು. ಆ ಮೌನ ಇದೆಯಲ್ಲ, ಅದನ್ನು ಕೇಳಿದವನಿಗೆ ಕೂಲಿ ಅಂದರೆ ಏನು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೈಬಲಿನಲ್ಲಿರುವ ಮೋಶೆಯ ಧರ್ಮಶಾಸ್ತ್ರ ವಾರದ ಬಟವಾಡೆಗೂ ಕಾಯುವುದಿಲ್ಲ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೆದು ನೋಡಿ. ಕೂಲಿಯವನ ಕೂಲಿಯನ್ನು ಆ ದಿನವೇ ಕೊಡಬೇಕು, ಸೂರ್ಯ ಮುಳುಗುವ ಮೊದಲೇ ಕೊಡಬೇಕು. ಯಾಕೆ? ಅವನು ಬಡವ, ಅದರ ಮೇಲೆ ಜೀವ ಇಟ್ಟುಕೊಂಡಿದ್ದಾನೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಅದು ನಿನಗೆ ಪಾಪವಾಗುತ್ತದೆ. ಆ ಕೂಲಿಯವನು ನಿನ್ನ ಜನವೇ ಆಗಿರಲಿ, ನಿನ್ನ ಊರಿಗೆ ಬಂದ ಪರದೇಶಿಯೇ ಆಗಿರಲಿ, ಲೆಕ್ಕ ಒಂದೇ. ಈಗ ನಮ್ಮ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರು ಎಷ್ಟು ಜನ! ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ನಮಗೆ ಅವರದು ಬರುವುದಿಲ್ಲ. ಕೂಲಿ ಕಡಿಮೆಯಾದರೆ ಜಗಳ ಆಡುವುದಕ್ಕೂ ಅವರಿಗೆ ಮಾತು ಬೇಕಲ್ಲ. ‘ಪರದೇಶಿ’ ಅನ್ನುವ ಪದ ಓದಿದಾಗಲೆಲ್ಲ ನನಗೆ ಅವರದೇ ನೆನಪು.

ಅದೇ ಅಧ್ಯಾಯದಲ್ಲಿ ಇನ್ನೂ ಸಣ್ಣಪುಟ್ಟ ಮಾತುಗಳಿವೆ. ಸಾಲಕ್ಕೆ ಅಡವಾಗಿ ಬೀಸುವ ಕಲ್ಲನ್ನು ಇಟ್ಟುಕೊಳ್ಳಬೇಡ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಸಂಜೆಯೊಳಗೆ ವಾಪಸ್ ಕೊಡು, ಅವನು ಅದನ್ನೇ ಹೊದ್ದು ಮಲಗಬೇಕು. ಇದೆಲ್ಲ ಯಾರಿಗೆ ಹೇಳಿದ್ದು ಅಂದರೆ, ಈಜಿಪ್ಟಿನಲ್ಲಿ ಜೀತ ಮಾಡಿ ಬಂದ ಜನರಿಗೆ. ನೀನೂ ಅಲ್ಲಿ ದಾಸನಾಗಿದ್ದೆ, ಅದನ್ನು ಮರೆಯಬೇಡ ಅಂತ ಆ ಅಧ್ಯಾಯದಲ್ಲಿ ಎರಡು ಸಲ ಬರುತ್ತದೆ. ಕೂಲಿ ಕೊಡುವವನಿಗೆ ತಾನು ಕೂಲಿ ಇಲ್ಲದೆ ದುಡಿದ ದಿನಗಳನ್ನು ನೆನಪು ಮಾಡುವ ಕಾನೂನು ಇದು.

ಈ ಹೊದಿಕೆಯ ವಿಷಯ ಬರೀ ಪುಸ್ತಕದ್ದಲ್ಲ. 1960ರಲ್ಲಿ ಇಸ್ರೇಲಿನ ಕರಾವಳಿಯಲ್ಲಿ, ಮೆಸಾದ್ ಹಷವ್ಯಾಹು ಅನ್ನುವ ಪುಟ್ಟ ಕೋಟೆಯನ್ನು ಅಗೆಯುವಾಗ, ಒಡೆದ ಮಡಕೆಯ ಚೂರುಗಳು ಸಿಕ್ಕವು. ಅವುಗಳ ಮೇಲೆ ಮಸಿಯಲ್ಲಿ ಹೀಬ್ರೂ ಬರಹ. ಸುಮಾರು 2600 ವರ್ಷ ಹಿಂದಿನದು. ಅದೊಂದು ಅರ್ಜಿ. ಹೊಲ ಕೊಯ್ಯುವ ಆಳೊಬ್ಬ ಅಲ್ಲಿನ ಅಧಿಕಾರಿಗೆ ಬರೆಸಿಕೊಂಡದ್ದು. ಅವನು ಹೇಳುವುದಿಷ್ಟು: ಸ್ವಾಮಿ, ನಿಮ್ಮ ಸೇವಕ ಕೊಯ್ಲು ಮಾಡುತ್ತಿದ್ದ. ಪ್ರತಿದಿನದಂತೆ ಕೊಯ್ದು ಮುಗಿಸಿ, ಕಾಳು ಕಣಜಕ್ಕೆ ಸೇರಿಸಿದ. ಆಮೇಲೆ ಶೋಬಾಯನ ಮಗ ಹೋಷಾಯಾಹು ಬಂದು ನಿಮ್ಮ ಸೇವಕನ ಬಟ್ಟೆ ಕಿತ್ತುಕೊಂಡು ಹೋದ. ನನ್ನ ಜೊತೆ ಉರಿಬಿಸಿಲಲ್ಲಿ ಕೊಯ್ದ ಅಣ್ಣತಮ್ಮಂದಿರೆಲ್ಲ ಸಾಕ್ಷಿ ಹೇಳುತ್ತಾರೆ. ನನ್ನ ತಪ್ಪಿಲ್ಲ. ದಯವಿಟ್ಟು ಬಟ್ಟೆ ವಾಪಸ್ ಕೊಡಿಸಿ.

ಇದನ್ನು ಮೊದಲ ಸಲ ಓದಿದಾಗ ನಾನು ಹಾಜರಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಇಂಥ ಅರ್ಜಿಗಳನ್ನು ನಾನೇ ಎಷ್ಟು ಬರೆದುಕೊಟ್ಟಿಲ್ಲ! ಇನ್ನೊಂದು ವಿಷಯ ಗಮನಿಸಿ. ಬಟ್ಟೆ ಕಿತ್ತುಕೊಂಡ ಮೇಲಿನವನ ಹೆಸರು ಆ ಚೂರುಗಳ ಮೇಲೆ ಇದೆ, ಅವನ ಅಪ್ಪನ ಹೆಸರೂ ಇದೆ. ಕೊಯ್ದ ಆಳಿನ ಹೆಸರು ಉಳಿದಿರುವ ಸಾಲುಗಳಲ್ಲಿ ಎಲ್ಲೂ ಇಲ್ಲ.

ಆ ಅರ್ಜಿ ಯೆಹೂದ ನಾಡಿನ ಯೋಷೀಯ ರಾಜನ ಕಾಲದ್ದು ಅಂತ ಹಲವು ವಿದ್ವಾಂಸರ ಅಂದಾಜು. ಯೋಷೀಯ ಒಳ್ಳೆ ರಾಜ ಅಂತ ಬೈಬಲ್ ಹೊಗಳುತ್ತದೆ. ಅವನ ಮಗ ಯೆಹೋಯಾಕೀಮನ ಕಥೆ ಬೇರೆ. ಅವನಿಗೆ ದೊಡ್ಡ ಅರಮನೆಯ ಆಸೆ. ಅಗಲವಾದ ಕಿಟಕಿ, ದೇವದಾರು ಹಲಗೆ, ಮೇಲೆ ಕೆಂಪು ಬಣ್ಣ. ಕೆಲಸದವರಿಗೆ ಮಾತ್ರ ಕೂಲಿ ಇಲ್ಲ. ಪ್ರವಾದಿ ಯೆರೆಮೀಯ ಅವನನ್ನು ನೇರವಾಗಿ ತರಾಟೆಗೆ ತೆಗೆದುಕೊಂಡ. ಯೆರೆಮೀಯನ ಪುಸ್ತಕದ 22ನೇ ಅಧ್ಯಾಯದಲ್ಲಿದೆ. ದೇವದಾರು ಜಾಸ್ತಿ ಹಾಕಿದರೆ ನೀನು ರಾಜನಾಗುತ್ತೀಯಾ? ನಿನ್ನ ಅಪ್ಪನೂ ತಿಂದ, ಕುಡಿದ, ಆದರೆ ಬಡವರಿಗೆ ನ್ಯಾಯ ತೀರಿಸಿದ. ನನ್ನನ್ನು ಅರಿಯುವುದು ಅಂದರೆ ಅದೇ ಅಲ್ಲವೇ, ಅಂತ ದೇವರು ಕೇಳುತ್ತಾನೆ. ದೇವರನ್ನು ಅರಿಯುವುದು ಹೇಗೆ ಅಂತ ನಾವು ದಿನಗಟ್ಟಲೆ ಸತ್ಸಂಗ, ಉಪವಾಸ ಕೂಟ ಅಂತ ಕೂರುತ್ತೇವೆ. ಕೂರಬಾರದು ಅಂತಲ್ಲ, ನಾನೂ ಹೋಗುತ್ತೇನೆ. ಆದರೆ ಯೆರೆಮೀಯನ ಉತ್ತರ ಹಾಜರಿ ಪುಸ್ತಕದ ಪಕ್ಕದಲ್ಲೇ ಇತ್ತು.

ಇಷ್ಟೆಲ್ಲ ಗೊತ್ತಿದ್ದವನು ತಾನೇ ಏನು ಮಾಡಿದ ಅಂತ ಹೇಳದಿದ್ದರೆ ಈ ಭಾಷಣ ಬರೀ ಬೂಟಾಟಿಕೆ ಆದೀತು. ನಿವೃತ್ತಿಯಾದ ಮೇಲೆ ಹಾಸನದಲ್ಲಿ ಪುಟ್ಟ ಮನೆ ಮಾಡಿಕೊಂಡೆ. ಕಾಂಪೌಂಡ್ ಗೋಡೆ ಕಟ್ಟಲು ಒಬ್ಬ ಗಾರೆ ಮೇಸ್ತ್ರಿ, ಜೊತೆಗೆ ಸಿಮೆಂಟು ಕಲಸಿ ಕೊಡುವ ಹೆಣ್ಣಾಳು ಬಂದಿದ್ದರು. ಶನಿವಾರ ಸಂಜೆ ನನ್ನ ಹತ್ತಿರ ಇದ್ದದ್ದು ಐನೂರರ ನೋಟುಗಳು. ಚಿಲ್ಲರೆ ಇಲ್ಲ. ನಿಜ ಹೇಳಬೇಕೆಂದರೆ, ಗೋಡೆಯ ಒಂದು ಮೂಲೆ ಸ್ವಲ್ಪ ವಾರೆಯಾಗಿದೆಯೋ ಅಂತ ಅನುಮಾನವೂ ಇತ್ತು. ‘ಸೋಮವಾರ ಬಾ ಮೇಸ್ತ್ರಿ, ಒಟ್ಟಿಗೆ ಲೆಕ್ಕ ಮಾಡೋಣ’ ಅಂದೆ. ಮೇಸ್ತ್ರಿ ತಲೆ ಆಡಿಸಿದ. ಆ ಹೆಂಗಸು ಮಾತ್ರ, ‘ಸ್ವಲ್ಪನಾದ್ರೂ ಕೊಡಿ ಸಾರ್, ನಾಳೆ ಸಂತೆ’ ಅಂದಳು. ‘ಸೋಮವಾರ ಪೂರ್ತಿ ಕೊಡ್ತೀನಲ್ಲಮ್ಮ’ ಅಂತ ನಾನು ಗೇಟು ಹಾಕಿಕೊಂಡೆ.

31 ವರ್ಷ ಬೇರೆಯವರ ದುಡ್ಡನ್ನು ಒಂದು ದಿನವೂ ತಡ ಮಾಡದೆ ಹಂಚಿದವನು ನಾನು. ನನ್ನ ದುಡ್ಡು ಹಂಚುವ ಮೊದಲ ಶನಿವಾರವೇ ಎಡವಿದೆ. ಸೋಮವಾರ ಒಂದು ಪೈಸೆ ಬಾಕಿ ಇಡದೆ ಕೊಟ್ಟೆ. ಆದರೆ ಭಾನುವಾರದ ಸಂತೆ ಸೋಮವಾರ ಇರಲಿಲ್ಲ. ಗೋಡೆ ನೆಟ್ಟಗೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಯೇಸುಸ್ವಾಮಿ ಹೇಳಿದ ಒಂದು ಕಥೆಯಲ್ಲೂ ನನ್ನಂಥ ಒಬ್ಬ ರೈಟರ್ ಬರುತ್ತಾನೆ. ಬೈಬಲಿನಲ್ಲಿ ಅವನಿಗೆ ಪಾರುಪತ್ಯಗಾರ ಅಂತಾರೆ. ಮತ್ತಾಯನ ಸುವಾರ್ತೆ, 20ನೇ ಅಧ್ಯಾಯ. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವವೇ ಆಳುಗಳನ್ನು ಕರೆಯಲು ಹೋಗುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಆಗಿನ ಕಾಲಕ್ಕೆ ಅದು ಒಂದು ದಿನದ ಕೂಲಿ. ಅವನು ಮತ್ತೆ ಒಂಬತ್ತು ಗಂಟೆಗೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ. ಮನೆಯಲ್ಲಿ ಪಾರುಪತ್ಯಗಾರ ಇದ್ದಾನೆ, ಆದರೂ ಐದು ಸಲವೂ ಯಜಮಾನ ತಾನೇ ಹೋಗುತ್ತಾನೆ. ನಮ್ಮ ಧಣಿಗಳು ಹೀಗೆ ಹೋದದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನ ಯಾವುದಾದರೂ ಕೂಲಿ ಚೌಕದ ಹತ್ತಿರ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಬುತ್ತಿ ಚೀಲ, ಕರಣೆ ಹಿಡಿದು ನಿಂತಿರುತ್ತಾರೆ. ಗಟ್ಟಿಮುಟ್ಟಾದವರು ಮೊದಲು ಹೋಗುತ್ತಾರೆ. ಹತ್ತು ಗಂಟೆ ದಾಟಿದ ಮೇಲೆ ಉಳಿಯುವವರು ಯಾರು? ವಯಸ್ಸಾದವರು, ಕಾಲು ಎಳೆಯುವವರು, ಕಂಕುಳಲ್ಲಿ ಕೂಸಿರುವವರು. ಸಂಜೆ ಐದರವರೆಗೂ ನಿಂತವನು ಸೋಮಾರಿಯಲ್ಲ. ಸೋಮಾರಿ ಆಗಿದ್ದರೆ ಮನೆಗೆ ಹೋಗಿರುತ್ತಿದ್ದ. ‘ಯಾಕೆ ಇಡೀ ದಿನ ಸುಮ್ನೆ ನಿಂತಿದ್ದೀರಿ’ ಅಂತ ಯಜಮಾನ ಕೇಳಿದ್ದಕ್ಕೆ ಅವರ ಉತ್ತರ ಒಂದೇ, ಯಾರೂ ನಮ್ಮನ್ನು ಕರೆಯಲಿಲ್ಲ.

ಸಂಜೆಯಾಗುತ್ತದೆ, ಬಟವಾಡೆ ಶುರು. ಸಂಜೆಯೇ ಯಾಕೆ ಅಂತ ಯೇಸು ವಿವರಿಸುವುದಿಲ್ಲ. ಕೇಳುತ್ತಿದ್ದವರಿಗೆಲ್ಲ ಮೋಶೆಯ ಮಾತು ಗೊತ್ತಿತ್ತು. ಕೊನೆಗೆ ಬಂದವರಿಂದ ಶುರು ಮಾಡು ಅನ್ನುತ್ತಾನೆ ಯಜಮಾನ. ಒಂದು ಗಂಟೆ ಕೆಲಸ ಮಾಡಿದವನಿಗೂ ಪೂರ್ತಿ ನಾಣ್ಯ. ಬೆಳಗಿನಿಂದ ದುಡಿದವರಿಗೂ ಅದೇ ನಾಣ್ಯ. ಗಲಾಟೆ ಆಗದೆ ಇರುತ್ತದಾ? ನಾನು ಆ ಪಾರುಪತ್ಯಗಾರ ಆಗಿದ್ದರೆ, ‘ಯಜಮಾನ್ರೇ, ಮೊದಲು ಬಂದವರಿಗೆ ಮೊದಲು ಕೊಟ್ಟು ಕಳಿಸಿಬಿಡೋಣ, ಆಮೇಲೆ ನೀವು ಯಾರಿಗೆ ಎಷ್ಟು ಬೇಕಾದರೂ ಕೊಡಿ’ ಅನ್ನುತ್ತಿದ್ದೆ. ಹಾಗೆ ಮಾಡಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಯೇಸುವಿಗೆ ಅದು ಎಲ್ಲರ ಕಣ್ಣಿಗೂ ಬೀಳಬೇಕಿತ್ತು, ಅಷ್ಟೇ.

ಈ ಕಥೆ ಪರಲೋಕದ ರಾಜ್ಯದ ಬಗ್ಗೆ ಅಂತ ಪಾದ್ರಿಗಳು ಹೇಳುತ್ತಾರೆ. ಕಥೆಯ ಮೊದಲ ಸಾಲೇ ಅದು, ನಾನು ಒಪ್ಪುತ್ತೇನೆ. ಆದರೆ ರೈಟರನ ಕಣ್ಣಿಗೆ ಮೊದಲು ಕಾಣುವುದು ಲೆಕ್ಕ. ಹನ್ನೆರಡು ಗಂಟೆಯ ದಿನದಲ್ಲಿ ಒಂದು ಗಂಟೆ ದುಡಿದವನಿಗೆ ನ್ಯಾಯವಾಗಿ ಬರುವುದು ಹನ್ನೆರಡರಲ್ಲಿ ಒಂದು ಪಾಲು. ಅಷ್ಟರಲ್ಲಿ ಒಂದು ಮನೆಯ ಹೊಟ್ಟೆ ತುಂಬುವುದಿಲ್ಲ. ಅವನ ಮಕ್ಕಳು ಹನ್ನೆರಡರಲ್ಲಿ ಒಂದು ಪಾಲು ಹಸಿದಿರುತ್ತವಾ? ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಅಂತ ಪ್ರಾರ್ಥನೆ ಕಲಿಸಿದವನು ಹೇಳಿದ ಕಥೆ ಇದು. ಫ್ರಿಜ್ಜಿನಲ್ಲಿ ಮೂರು ದಿನದ ಸಾರು ಇಟ್ಟುಕೊಂಡ ನಮಗೆ ‘ಈ ಹೊತ್ತು’ ಅನ್ನುವ ಮಾತು ಬಾಯಲ್ಲಿ ಬಂದು ಹೋಗುತ್ತದೆ. ದಿನಗೂಲಿಯವರು ಅದನ್ನು ಹೇಳುವಾಗ ಅದು ಅರ್ಜಿ.

ನಮ್ಮ ತೋಟದ ಲಾರಿ ಡ್ರೈವರ್ ಒಬ್ಬರು ಸಾಬರು. ಆಳಿನ ಬೆವರು ಆರುವ ಮೊದಲು ಕೂಲಿ ಕೊಡಬೇಕು ಅಂತ ಪ್ರವಾದಿಯವರು ಹೇಳಿದ್ದಾರೆ ಅನ್ನುತ್ತಿದ್ದರು. ಬಟವಾಡೆ ದಿನ ಬ್ಯಾಂಕಿನಿಂದ ದುಡ್ಡು ತರುವಾಗ ಘಾಟಿಯಲ್ಲಿ ಅವರು ಗಾಡಿ ಓಡಿಸುತ್ತಿದ್ದ ವೇಗ ನೋಡಿದರೆ ಆ ಮಾತನ್ನು ಸ್ವಲ್ಪ ಜಾಸ್ತಿಯೇ ನಂಬಿದ್ದರು ಅನ್ನಿಸುತ್ತಿತ್ತು. ಈಗ ಸರ್ಕಾರದ ಕಾನೂನೂ ಅದನ್ನೇ ಹೇಳುತ್ತದೆ. 2019ರಲ್ಲಿ ಸಂಸತ್ತು ಒಪ್ಪಿದ ವೇತನ ಸಂಹಿತೆಯ ಪ್ರಕಾರ, ದಿನಗೂಲಿಯವರಿಗೆ ಆ ದಿನದ ಪಾಳಿ ಮುಗಿದಾಗಲೇ ಕೂಲಿ ಕೊಡಬೇಕು. ವಾರದ ಕೂಲಿಯಾದರೆ ವಾರದ ರಜೆಗೆ ಮೊದಲೇ ಕೊಡಬೇಕು.

ಕಾನೂನು ಇದ್ದರೂ ನೆಪಗಳಿಗೆ ಬರವಿಲ್ಲ. ಚಿಲ್ಲರೆ ಇಲ್ಲ. ಸರ್ವರ್ ಡೌನ್. ನಮ್ಮ ಯಜಮಾನ್ರು ಊರಲ್ಲಿಲ್ಲ. ಕೆಲಸ ಪೂರ್ತಿ ಆಗಲಿ. ಈ ಕೊನೆಯದರಲ್ಲಿ ಸ್ವಲ್ಪ ನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ. ಮುಂಗಡ ತೆಗೆದುಕೊಂಡು ಮಾಯವಾದವರನ್ನು ನಾನೂ ಕಂಡಿದ್ದೇನೆ. ಗುತ್ತಿಗೆ ಕೆಲಸವಾದರೆ ಕೊನೆಯ ಕಂತು ಹಿಡಿದಿಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ದಿನದ ಆಳಿಗೆ ಆ ದಿನ ಮುಗಿದಿದೆ. ಅವನ ಕೂಲಿ ನಮ್ಮ ಜೇಬಿನಲ್ಲಿ ರಾತ್ರಿ ಕಳೆದರೆ ಅದು ನಮ್ಮ ದುಡ್ಡಲ್ಲ. ಹಿಡಿದಿಟ್ಟ ಕೂಲಿ ಕೂಗುತ್ತದೆ ಅಂತ ಬೈಬಲಿನ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಆಳು ಕೂಗದೆ ಹೋದರೂ ಆ ದುಡ್ಡೇ ಕೂಗುತ್ತದಂತೆ.

ಇವತ್ತು ಶನಿವಾರ. ಮನೆಯಲ್ಲಿ ಸುಣ್ಣಬಣ್ಣದ ಕೆಲಸ ನಡೆಯುತ್ತಿದೆ. ನೂರರ ನೋಟು ಮಾಡಿಸಿ ಜೇಬಿನಲ್ಲಿಟ್ಟುಕೊಂಡೇ ಆಕಾಶವಾಣಿಗೆ ಬಂದೆ. ಅವರು ಐದೂವರೆಗೆ ಬ್ರಷ್ ತೊಳೆಯುತ್ತಾರೆ. ಇಲ್ಲಿನ ಗಡಿಯಾರ ಈಗಾಗಲೇ ನಾಲ್ಕೂಮುಕ್ಕಾಲು ತೋರಿಸುತ್ತಿದೆ. ನಾನಿನ್ನು ಹೊರಡಬೇಕು. ನಮಸ್ಕಾರ.