ದುಡಿದವರಿಗೆ ಪಾಲು ಕೊಟ್ಟ ಕಾಫ್‌ಮನ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಔಷಧ ಮಾರುವ ಸೇಲ್ಸ್‌ಮನ್ ಒಬ್ಬರಿದ್ದರು. ವೈದ್ಯರಿಂದ ವೈದ್ಯರಿಗೆ ಅಲೆದು ಅವರು ತಂದ ವ್ಯಾಪಾರ ಎಷ್ಟಿತ್ತೆಂದರೆ, ಸಿಗುತ್ತಿದ್ದ ಕಮಿಷನ್ ಕಂಪನಿಯ ಅಧ್ಯಕ್ಷರ ಸಂಬಳವನ್ನೇ ಮೀರಿಸಿತು. ಬೆನ್ನು ತಟ್ಟುವ ಬದಲು ಕಂಪನಿ ಕಮಿಷನ್ ಇಳಿಸಿತು, ಆಮೇಲೆ ಅವರ ಪಾಲಿನ ಪ್ರದೇಶಕ್ಕೂ ಕತ್ತರಿ ಹಾಕಿತು. ಅವರು ಕೆಲಸ ಬಿಟ್ಟರು. ಅವರೇ ಯೂಯಿಂಗ್ ಮೇರಿಯನ್ ಕಾಫ್‌ಮನ್. ಮುಂದೆ ಅವರು ಬಾಳಿದ ಬಾಳು ಆ ಅನ್ಯಾಯಕ್ಕೆ ಕೊಟ್ಟ ಉತ್ತರವೆಂದೇ ನನಗನಿಸುತ್ತದೆ.

1950ರಲ್ಲಿ ಮನೆಯ ನೆಲಮಾಳಿಗೆಯಲ್ಲಿ, 5,000 ಡಾಲರ್ ಬಂಡವಾಳದಲ್ಲಿ ಮೇರಿಯನ್ ಲ್ಯಾಬೊರೇಟರೀಸ್ ಶುರುವಾಯಿತು. ಒಬ್ಬನೇ ನಡೆಸುವ ಕಂಪನಿಯೆಂದು ಯಾರೂ ಹಗುರವಾಗಿ ಕಾಣಬಾರದಲ್ಲ, ಅದಕ್ಕೇ ತಮ್ಮ ನಡುವಿನ ಹೆಸರಿಟ್ಟರು. ಸಿಂಪಿಯ ಚಿಪ್ಪು ಪುಡಿಮಾಡಿ ತಯಾರಿಸಿದ ಕ್ಯಾಲ್ಸಿಯಂ ಮಾತ್ರೆ ಅವರ ಕೈಹಿಡಿಯಿತು. ದುಡಿದವರಿಗೆ ಫಲದಲ್ಲಿ ಪಾಲಿರಬೇಕು ಎಂಬುದು ಅಲ್ಲಿಯ ನಿಯಮ. ಲಾಭವನ್ನೂ ಷೇರನ್ನೂ ಕೆಲಸಗಾರರಿಗೆ ಹಂಚಿದರು. 1989ರಲ್ಲಿ ಕಂಪನಿ ಮೆರಲ್ ಡೌ ಎಂಬ ಇನ್ನೊಂದು ಔಷಧ ಕಂಪನಿಯ ಜೊತೆ ಸೇರಿದಾಗ ಅವರಲ್ಲಿ ಅನೇಕರು ಸಿರಿವಂತರಾದರು.

ಇನ್ನು ಬೇಸ್‌ಬಾಲ್ ವಿಷಯ. 1967ರ ಪಂದ್ಯಗಳು ಮುಗಿದದ್ದೇ ತಡ, ಊರಿನ ತಂಡವನ್ನು ಅದರ ಮಾಲೀಕರು ಓಕ್ಲೆಂಡ್‌ಗೆ ಸಾಗಿಸಿಬಿಟ್ಟರು. ಹೊಸ ತಂಡಕ್ಕೆ ಹಣ ಹಾಕಲು ಮುಂದೆ ಬಂದವರು ಕಾಫ್‌ಮನ್. 1969ರಲ್ಲಿ ರಾಯಲ್ಸ್ ಕಣಕ್ಕಿಳಿಯಿತು. ಮರುವರ್ಷ ಅವರು ಫ್ಲಾರಿಡಾದ ಸಾರಸೋಟಾದಲ್ಲಿ ಒಂದು ಅಕಾಡೆಮಿ ತೆರೆದರು. ಬೇಸ್‌ಬಾಲ್‌ನಲ್ಲಿ ಪಳಗಿರದಿದ್ದರೂ ಚಿಂತೆಯಿಲ್ಲ, ಓಟದ ವೇಗ, ಕಣ್ಣಿನ ಚುರುಕು ಇದ್ದರೆ ಸಾಕು, ಆಟ ನಾವು ಕಲಿಸುತ್ತೇವೆ ಎಂಬ ಲೆಕ್ಕಾಚಾರ. ಫ್ರಾಂಕ್ ವೈಟ್ ಓದಿದ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. ಅಕಾಡೆಮಿಗೆ ಆಯ್ಕೆಯಾದ ಆ ಹುಡುಗ ರಾಯಲ್ಸ್‌ನ ಹೊಸ ಕ್ರೀಡಾಂಗಣ ಕಟ್ಟುವಾಗ ಅಲ್ಲಿ ಕೂಲಿಯನ್ನೂ ಮಾಡಿದ. ಮುಂದೆ ಅದೇ ಅಂಗಳದಲ್ಲಿ ಆಡಿ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಎಂಟು ಸಲ ಗೆದ್ದ, 1985ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಲೀಗ್‌ನ ಅಂತಿಮ ಸರಣಿ, ಗೆದ್ದ ತಂಡದಲ್ಲೂ ಇದ್ದ. ಅಂಥ ಅಕಾಡೆಮಿ 1974ರಲ್ಲಿ ಮುಚ್ಚಿಹೋದದ್ದು ದೊಡ್ಡ ನಷ್ಟ.

1988ರಲ್ಲಿ ಕಾಫ್‌ಮನ್ ತಾವು ಓದಿದ ವೆಸ್ಟ್‌ಪೋರ್ಟ್ ಹೈಸ್ಕೂಲಿಗೆ ಹೋಗಿ, ಆಗಷ್ಟೇ ಸೇರಿದ್ದ ಮಕ್ಕಳಿಗೆ ಮಾತು ಕೊಟ್ಟರು: ಮಾದಕ ವಸ್ತು ಮುಟ್ಟಬೇಡಿ, ಈಗಲೇ ತಂದೆತಾಯಿಗಳಾಗಬೇಡಿ, ಸಮಯಕ್ಕೆ ಸರಿಯಾಗಿ ಓದು ಮುಗಿಸಿ, ಕಾಲೇಜಿನ ಖರ್ಚು ನನ್ನದು. ಬರೀ ದೇಣಿಗೆಯಲ್ಲ ಇದು, ಒಪ್ಪಂದ. ಆ ಮಕ್ಕಳನ್ನು ಮಾತಿಗೆ ತಕ್ಕವರೆಂದು ನಂಬಿದ್ದೇ ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕೊನೆಗಾಲದಲ್ಲಿ ಅವರನ್ನು ಕಾಡಿದ್ದು ತಂಡದ ಚಿಂತೆ. ತಮ್ಮ ನಂತರ ಅದೂ ಊರು ಬಿಟ್ಟರೆ? ಅದಕ್ಕೆ ದಾರಿ ಹುಡುಕಿದರು. ತಂಡವನ್ನು ಊರಿನ ಸಮುದಾಯ ಪ್ರತಿಷ್ಠಾನಕ್ಕೇ ದಾನವಾಗಿ ಬಿಡುವುದು, ಕಾನ್ಸಾಸ್ ಸಿಟಿಯಲ್ಲೇ ಉಳಿಸಿಕೊಳ್ಳುವವರಿಗೆ ಮಾತ್ರ ಪ್ರತಿಷ್ಠಾನ ಅದನ್ನು ಮಾರುವುದು, ಬಂದ ಹಣ ಊರಿನ ಧರ್ಮಕಾರ್ಯಗಳಿಗೆ. 1993ರ ಆಗಸ್ಟ್ 1ರಂದು ಅವರು ತೀರಿಕೊಂಡರು. 2000ದಲ್ಲಿ 96 ಮಿಲಿಯನ್ ಡಾಲರ್‌ಗೆ ಮಾರಾಟ ಕುದುರಿತು, ತಂಡ ಊರಲ್ಲೇ ಉಳಿಯಿತು.

ನಮಸ್ಕಾರ.