ಬ್ಯಾಟರಿ ಪೆಟ್ಟಿಗೆಯ ಬೀಗ ತೆಗೆಯಿರಿ

ನಮಸ್ಕಾರ. ಇವತ್ತು ಬೆಳಗ್ಗೆ ತುಮಕೂರಿನಿಂದ ಹೊರಡುವಾಗ ನನ್ನ ಕಾರಿನ ಮೀಟರ್ 1,92,340 ಕಿಲೋಮೀಟರ್ ತೋರಿಸುತ್ತಿತ್ತು. ಎಲೆಕ್ಟ್ರಿಕ್ ಕಾರು. ತಗೊಂಡು ಐದು ವರ್ಷ ಆಯಿತು. ದಿನಾ ಬೆಂಗಳೂರಿಗೆ ಹೋಗಿ ಬಂದರೆ 140 ಕಿಲೋಮೀಟರ್. ಅದರ ಮೇಲೆ ಊರು, ಮದುವೆ, ಆಸ್ಪತ್ರೆ ಅಂತ ಓಡಾಟ. ಬೇರೆಯವರು ಹದಿನೈದು ವರ್ಷ ಓಡಿಸುವಷ್ಟನ್ನು ನಾನು ಐದೇ ವರ್ಷದಲ್ಲಿ ಓಡಿಸಿದ್ದೇನೆ.

ಯಾವ ಕಂಪನಿ ಅಂತ ಹೇಳುವುದಿಲ್ಲ. ಈ ಮಾತು ಒಂದು ಕಂಪನಿಗೆ ಸೇರಿದ್ದಲ್ಲ. ಎಲೆಕ್ಟ್ರಿಕ್ ಕಾರು ತಗೊಂಡ, ತಗೋಬೇಕು ಅಂತಿರುವ ಎಲ್ಲರಿಗೂ ಸೇರಿದ್ದು.

ನನ್ನ ಗಾಡಿ ನೋಡಿದವರೆಲ್ಲ ಕೇಳುವುದು ಒಂದೇ. "ಬ್ಯಾಟರಿ ಹೋದರೆ ಏನ್ ಮಾಡ್ತೀರ ಸಾರ್?" ಮೊದಲೆಲ್ಲ ವಾರಂಟಿ ಇದೆ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಈಗ ಹಾಗೆ ಹೇಳಲು ಆಗುವುದಿಲ್ಲ. ನನ್ನ ಬ್ಯಾಟರಿ ಕೈಕೊಟ್ಟಿದ್ದು ವಾರಂಟಿ ಮುಗಿದ ಮೇಲೆ.

ನಮ್ಮಲ್ಲಿ ತುಂಬಾ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುತ್ತದೆ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಕೊಳ್ಳುವಾಗ ನಮ್ಮ ಕಣ್ಣು ಹೋಗುವುದು 8 ವರ್ಷ ಅನ್ನುವ ಮಾತಿನ ಮೇಲೆ. ಆದರೆ ಜಾಸ್ತಿ ಓಡಿಸುವವನಿಗೆ ಮೊದಲು ಮುಗಿಯುವುದು ಕಿಲೋಮೀಟರ್. ನನಗೆ ನಾಲ್ಕೂಕಾಲು ವರ್ಷಕ್ಕೇ ಮುಗಿಯಿತು. ಪೆಟ್ರೋಲ್ ಉಳಿಸಬೇಕು ಅಂತ ಎಲೆಕ್ಟ್ರಿಕ್ ತಗೊಳ್ಳುವುದೇ ಜಾಸ್ತಿ ಓಡಿಸುವವರು ಅಲ್ವಾ? ಟ್ಯಾಕ್ಸಿಯವರು, ನನ್ನ ಹಾಗೆ ಊರಿಂದ ಊರಿಗೆ ಕೆಲಸಕ್ಕೆ ಹೋಗುವವರು. ಈ ಕಾರಿನಿಂದ ಯಾರಿಗೆ ಹೆಚ್ಚು ಉಪಯೋಗವೋ ಅವರ ವಾರಂಟಿಯೇ ಮೊದಲು ಮುಗಿಯುತ್ತದೆ.

ಮೀಟರ್ 1,71,000 ದಾಟಿದ್ದಾಗ ಇದು ಆಗಿದ್ದು. ಬೆಂಗಳೂರಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ರಾತ್ರಿ ವಾಪಸ್ ಬರುತ್ತಿದ್ದೆವು. ದಾಬಸ್‌ಪೇಟೆ ದಾಟಿದೆವು. ಚಾರ್ಜ್ 31% ಇತ್ತು. ಮನೆ ಸೇರಲು ಬೇಕಾದಷ್ಟಾಯಿತು. ಒಂದು ಲಾರಿ ಹಿಂದೆ ಹಾಕೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಅಷ್ಟೇ, 31 ಇದ್ದದ್ದು ಒಂದೇ ಏಟಿಗೆ 12 ಆಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಬಂತು, ಗಾಡಿಯ ಕಸುವು ಹೋಯಿತು. ಹಿಂದಿನ ಸೀಟಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಮ್ಮ "ಏನಾಯ್ತೋ?" ಅಂದರು. ಏನಿಲ್ಲಮ್ಮ ಅಂದೆ. ಎಡಪಕ್ಕದಲ್ಲಿ ಮೂವತ್ತರ ವೇಗದಲ್ಲಿ ಮನೆಯವರೆಗೂ ಬಂದೆವು. ಲಾರಿಗಳು ಒಂದೊಂದಾಗಿ ಹಾರ್ನ್ ಹೊಡೆದು ಮುಂದೆ ಹೋದವು. ಆ ಮುಕ್ಕಾಲು ಗಂಟೆ ನನಗೆ ಇನ್ನೂ ನೆನಪಿದೆ.

ಸರ್ವಿಸ್ ಸೆಂಟರ್‌ನಲ್ಲಿ ಎರಡು ದಿನ ಇಟ್ಟುಕೊಂಡರು. ಆಮೇಲೆ ಒಂದೇ ಸಾಲಿನ ಉತ್ತರ. "ಪೂರ್ತಿ ಪ್ಯಾಕ್ ಬದಲಿಸಬೇಕು ಸಾರ್." ಎಸ್ಟಿಮೇಟ್ ನೋಡಿದೆ. ನನ್ನ ಕಾರನ್ನು ಆಗ ಮಾರಿದ್ದರೆ ಅಷ್ಟು ದುಡ್ಡು ಬರುತ್ತಿರಲಿಲ್ಲ. ಒಳಗೆ ಏನು ಕೆಟ್ಟಿದೆ ಅಂತ ಕೇಳಿದೆ. "ನಾವು ಪ್ಯಾಕ್ ಬಿಚ್ಚುವುದಿಲ್ಲ, ನಮಗೆ ಪರ್ಮಿಷನ್ ಇಲ್ಲ" ಅಂದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಿದ್ದೇ ಅಷ್ಟು.

ಇಲ್ಲಿ ಬ್ಯಾಟರಿಯ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹೇಳಬೇಕು. ಕಾರಿನ ಬ್ಯಾಟರಿ ಅಂದರೆ ಒಂದೇ ಒಂದು ವಸ್ತು ಅಲ್ಲ. ಚಿಕ್ಕ ಚಿಕ್ಕ ಸೆಲ್‌ಗಳು ಇರುತ್ತವೆ. ಅವುಗಳನ್ನು ಗುಂಪು ಗುಂಪಾಗಿ ಜೋಡಿಸಿದರೆ ಮಾಡ್ಯೂಲ್. ಮಾಡ್ಯೂಲ್‌ಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂರಿಸಿದರೆ ಪ್ಯಾಕ್. ಸೆಲ್‌ಗಳು ಸಾಲಾಗಿ, ಒಂದರ ಹಿಂದೆ ಒಂದು ಇರುವುದರಿಂದ ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ಕುಂಟೆತ್ತಿನ ನಡಿಗೆಯಲ್ಲೇ ಹೋಗಬೇಕು. ಇದೂ ಹಾಗೆಯೇ. ಒಂದು ಸೆಲ್ ಸೋತರೆ ಅದರ ವೋಲ್ಟೇಜ್ ಬೇಗ ಬಿದ್ದುಹೋಗುತ್ತದೆ. ಅದನ್ನು ಕಾಯುತ್ತಾ ಕೂತಿರುವ ಕಂಪ್ಯೂಟರ್, ಅಂದರೆ ಬಿಎಂಎಸ್, ಕೂಡಲೇ ಇಡೀ ಗಾಡಿಯ ಕಸುವನ್ನು ತಗ್ಗಿಸುತ್ತದೆ. ಉಳಿದ ಸೆಲ್‌ಗಳು ಗಟ್ಟಿಯಾಗಿದ್ದರೂ ಪ್ರಯೋಜನ ಇಲ್ಲ.

ಸ್ನೇಹಿತರೊಬ್ಬರು ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪ್‌ಗೆ ಕಳಿಸಿದರು. ಐಟಿಐ ಓದಿದ ಇಬ್ಬರು ಹುಡುಗರು ನಡೆಸುತ್ತಾರೆ. ಎಲೆಕ್ಟ್ರಿಕ್ ಆಟೋ ಬ್ಯಾಟರಿಗಳಿಂದ ಶುರು ಮಾಡಿ ಈಗ ಕಾರಿಗೆ ಬಂದಿದ್ದಾರೆ. ಅವರಲ್ಲಿ ಒಬ್ಬ ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸ್ಕ್ಯಾನರ್ ಸಿಕ್ಕಿಸಿ, ಪಕ್ಕದಲ್ಲಿ ಕೂತು, "ಅಣ್ಣ, ಈಗ ಜೋರಾಗಿ ಒತ್ತಿ" ಅಂದ. ನಿಂತಿದ್ದಾಗ ಎಲ್ಲ ಸೆಲ್‌ಗಳೂ ಹೆಚ್ಚು ಕಡಿಮೆ 3.6 ವೋಲ್ಟ್ ತೋರಿಸುತ್ತಿದ್ದವು. ಒತ್ತಿದ ತಕ್ಷಣ ಮೂರು ಮಾತ್ರ 2.9ಕ್ಕೆ ಕುಸಿದವು. ಮೂರೂ ಒಂದೇ ಮಾಡ್ಯೂಲ್‌ನಲ್ಲಿ ಇದ್ದವು. "ಇಷ್ಟೇ ಅಣ್ಣ ನಿಮ್ ಖಾಯಿಲೆ" ಅಂದ. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮೂರು ಸೆಲ್‌ಗೋಸ್ಕರ ಕಾರನ್ನೇ ಗುಜರಿಗೆ ಹಾಕುವವನಿದ್ದೆ.

ಅವರು ಕೆಲಸ ಮಾಡಿದ ರೀತಿ ಹೇಳುತ್ತೇನೆ ಕೇಳಿ. ಮೊದಲು ದೊಡ್ಡ ಬ್ಯಾಟರಿಯ ಕರೆಂಟ್ ಕಡಿಯುವ ಸರ್ವಿಸ್ ಪ್ಲಗ್ ಎಳೆದರು. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ ಕಾದರು. ಆಮೇಲೆ ವೋಲ್ಟ್ ಮೀಟರ್ ಹಿಡಿದು ಸೊನ್ನೆ ಬಂದಿದೆಯಾ ಅಂತ ನೋಡಿಕೊಂಡರು. ಹೈ ವೋಲ್ಟೇಜ್ ಗ್ಲೌಸ್ ಹಾಕಿಕೊಳ್ಳದೆ ಯಾರೂ ಕೈ ಇಡಲಿಲ್ಲ. ಕೆಟ್ಟ ಮಾಡ್ಯೂಲ್ ಜಾಗಕ್ಕೆ ಹೊಸದನ್ನು ಹಾಕಲಿಲ್ಲ. ಹಳೆಯದರ ನಡುವೆ ಹೊಸದು ಕೂತರೆ ಹೊಂದಿಕೆ ಆಗುವುದಿಲ್ಲವಂತೆ. ಆಕ್ಸಿಡೆಂಟ್ ಆದ ಅದೇ ಮಾದರಿಯ ಗಾಡಿಯಿಂದ, ಹೆಚ್ಚು ಕಡಿಮೆ ಅಷ್ಟೇ ಸವೆದ ಒಂದು ಮಾಡ್ಯೂಲ್ ಹುಡುಕಿ ತಂದರು. ಅದರ ವೋಲ್ಟೇಜನ್ನು ಉಳಿದವುಗಳ ಮಟ್ಟಕ್ಕೆ ತರಲು ಒಂದು ದಿನ ಪೂರ್ತಿ ಬೇಕಾಯಿತು. ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಿದರು. ನೀರು ಹೋಗುತ್ತದಾ, ಕೂಲೆಂಟ್ ಸೋರುತ್ತದಾ, ಗಾಡಿಯ ಮೈಗೆ ಕರೆಂಟ್ ಬರುತ್ತದಾ ಅಂತ ಮೂರು ಪರೀಕ್ಷೆ ಮಾಡಿದರು. ನಾಲ್ಕು ದಿನ ಹಿಡಿಯಿತು. ಎಸ್ಟಿಮೇಟ್‌ನ ಹತ್ತರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ. ಆಮೇಲೆ ಇಲ್ಲಿಯವರೆಗೆ 21,000 ಕಿಲೋಮೀಟರ್ ಓಡಿದೆ.

ಆದರೆ ಆ ಹಳದಿ ದೀಪ ಮಾತ್ರ ಇನ್ನೂ ಉರಿಯುತ್ತಿದೆ. ಒಳಗೆ ತೊಂದರೆ ಇಲ್ಲ. ಬ್ಯಾಟರಿ ಬಿಚ್ಚಿದ್ದು ಕಂಪ್ಯೂಟರ್‌ಗೆ ಗೊತ್ತಾಗಿ, ಅದನ್ನು ಒಂದು ಕೋಡ್ ಆಗಿ ಬರೆದಿಟ್ಟುಕೊಂಡಿದೆ. ಆ ಕೋಡ್ ಅಳಿಸುವ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿ ಮಾತ್ರ ಇದೆ. ಕೇಳಲು ಹೋದರೆ, ಹೊರಗೆ ರಿಪೇರಿ ಮಾಡಿಸಿದ ಗಾಡಿಯನ್ನು ಮುಟ್ಟುವುದಿಲ್ಲ ಅಂದರು. ನನಗೆ ನಿಜವಾಗಿ ಬೇಜಾರಾಗಿದ್ದು ಇಲ್ಲಿ. ಪೂರ್ತಿ ದುಡ್ಡು ಕೊಟ್ಟು ಕೊಂಡ ಗಾಡಿ. ಅದರ ಒಂದು ದೀಪ ಆರಿಸಲು ನನಗೆ ಹಕ್ಕಿಲ್ಲ. ನಾಳೆ ನಿಜವಾಗಿಯೂ ತೊಂದರೆ ಬಂದರೆ ಈ ದೀಪ ನನಗೆ ಹೇಗೆ ತಿಳಿಸುತ್ತದೆ? ಅದು ಮೊದಲೇ ಉರಿಯುತ್ತಿದೆಯಲ್ಲ.

ಬೆಂಗಳೂರಿನವರಿಗೆ ರೇವಾ ನೆನಪಿರಬೇಕು. ನಮ್ಮ ನೆಲದಲ್ಲೇ ತಯಾರಾಗಿ 2001ರಲ್ಲಿ ರಸ್ತೆಗೆ ಬಂದ ಪುಟ್ಟ ಎಲೆಕ್ಟ್ರಿಕ್ ಕಾರು. ಲಂಡನ್ನಿನಲ್ಲೂ ಜಿ-ವಿಜ್ ಅನ್ನುವ ಹೆಸರಲ್ಲಿ ಓಡಿತು. ಅದರ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಇದ್ದವು. ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ, 80 ಕಿಲೋಮೀಟರ್ ಅಷ್ಟೇ, ಬ್ಯಾಟರಿ ಕೆಲವೇ ವರ್ಷ ಬಾಳುತ್ತಿತ್ತು. ಈಗಿನ ಕಾರಿನ ಮುಂದೆ ಅದು ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಸೀಟ್ ಎತ್ತಿದರೆ ಬ್ಯಾಟರಿ ಕಾಣುತ್ತಿತ್ತು. ಡಿಸ್ಟಿಲ್ಡ್ ವಾಟರ್ ಹಾಕಬಹುದಿತ್ತು. ಬ್ಯಾಟರಿ ಕೆಲಸ ಬಲ್ಲವನು ಮೀಟರ್ ಹಿಡಿದು ಎಂಟರಲ್ಲಿ ಯಾವುದು ಸೋತಿದೆ ಅಂತ ಹೇಳಬಹುದಿತ್ತು. ತಂತ್ರಜ್ಞಾನ ಅಲ್ಲಿಂದ ಎಷ್ಟೋ ಮುಂದೆ ಬಂದಿದೆ. ರಿಪೇರಿ ಮಾತ್ರ ಹಿಂದಕ್ಕೆ ಹೋಗಿದೆ.

ಹೀಗೇ ಇರಬೇಕು ಅಂತೇನೂ ಇಲ್ಲ. ಜಪಾನಿನ ನಿಸಾನ್ ಕಂಪನಿಯ ಎಲೆಕ್ಟ್ರಿಕ್ ಕಾರು ಲೀಫ್ 2010ರ ಕೊನೆಯಲ್ಲಿ ಬಂತು. ಅದರ ಮೊದಲ ಬ್ಯಾಟರಿಯಲ್ಲಿ 48 ಮಾಡ್ಯೂಲ್, 192 ಸೆಲ್. ತಂಪು ಮಾಡುವ ದ್ರವ ಇರಲಿಲ್ಲ. ಅಮೆರಿಕದ ಅರಿಝೋನಾದ ಬಿಸಿಲಿಗೆ ಬ್ಯಾಟರಿ ಬೇಗ ಸೊರಗಿತು, ಜನ ತಿರುಗಿ ಬಿದ್ದರು, ಆಮೇಲೆ ಕಂಪನಿ ಬ್ಯಾಟರಿಯ ಸಾಮರ್ಥ್ಯಕ್ಕೂ ವಾರಂಟಿ ಕೊಟ್ಟಿತು. ಅದಾದ ಮೇಲೆ 2018ರಲ್ಲಿ ಜಪಾನಿನ ಫುಕುಶಿಮಾ ಪ್ರಾಂತ್ಯದ ನಾಮಿಯೆ ಊರಿನಲ್ಲಿ ಹಳೆಯ ಲೀಫ್ ಬ್ಯಾಟರಿಗಳಿಗೇ, ನಿಸಾನ್ ಕೂಡ ಪಾಲುದಾರನಾಗಿರುವ ಒಂದು ಕಾರ್ಖಾನೆ ಶುರುವಾಯಿತು. ಪ್ಯಾಕ್ ಬಿಚ್ಚುತ್ತಾರೆ, ಮಾಡ್ಯೂಲ್‌ಗಳನ್ನು ಒಂದೊಂದಾಗಿ ಅಳೆಯುತ್ತಾರೆ, ಗಟ್ಟಿ ಇರುವುದನ್ನೆಲ್ಲ ಸೇರಿಸಿ ಮತ್ತೆ ಪ್ಯಾಕ್ ಕಟ್ಟುತ್ತಾರೆ. ಹೊಸ ಪ್ಯಾಕ್‌ನ ಸುಮಾರು ಅರ್ಧ ಬೆಲೆಗೆ ಅದನ್ನು ಹಳೆಯ ಗಾಡಿಗಳಿಗೆ ಕೊಡತೊಡಗಿದರು. ಪೀಣ್ಯದ ಹುಡುಗರು ಮಾಡಿದ್ದೂ ಇದನ್ನೇ ಅಲ್ವಾ? ಕಾರು ಮಾಡುವ ಕಂಪನಿಯ ಜೊತೆಯಲ್ಲೇ ಇದು ನಡೆಯಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಂಪನಿಗಳು ಹೇಳುವ ಕಾರಣ ಸುರಕ್ಷತೆ. ಅದು ಸುಳ್ಳಲ್ಲ. 300, 400 ವೋಲ್ಟ್ ಡಿಸಿ ಕರೆಂಟ್ ಹಿಡಿದರೆ ಜೀವ ಹೋಗುತ್ತದೆ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ. ದಯವಿಟ್ಟು ಯಾರೂ ಮನೆಯ ಮುಂದೆ ಇದನ್ನು ಬಿಚ್ಚಬೇಡಿ. ಆದರೆ ಅಪಾಯದ ಕೆಲಸ ಇದೊಂದೇ ಏನು? ಕರೆಂಟ್ ಕಂಬ ಹತ್ತುವ ಲೈನ್‌ಮ್ಯಾನ್‌ಗೆ ತರಬೇತಿ ಕೊಡುತ್ತೇವೆ. ಎಲ್ಲಿ ಕಲಿಯಬೇಕು, ಯಾವ ಗ್ಲೌಸ್ ಬೇಕು, ಯಾವ ಬೋಲ್ಟ್ ಎಷ್ಟು ಬಿಗಿ ಅನ್ನುವುದನ್ನು ಬರೆದು ಕೊಡಿ. ಐಟಿಐಗಳಲ್ಲಿ ಹೇಳಿಕೊಡಿ. ಮಾಹಿತಿ ಮುಚ್ಚಿಟ್ಟರೆ ಕೆಲಸ ನಿಲ್ಲುವುದಿಲ್ಲ. ಗೊತ್ತಿಲ್ಲದವನು ಕದ್ದು ಮಾಡುತ್ತಾನೆ. ಅದೇ ನಿಜವಾದ ಅಪಾಯ.

ಸರ್ಕಾರಕ್ಕೆ ಈ ವಿಷಯ ಗೊತ್ತಿಲ್ಲದೆ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ವಾಹನಗಳೂ ಇದ್ದವು. ಅದೇ ಡಿಸೆಂಬರ್‌ನಲ್ಲಿ ಅದಕ್ಕೆಂದೇ ಒಂದು ವೆಬ್ ಪೋರ್ಟಲ್ ಕೂಡ ಬಂತು. ಒಳ್ಳೆಯ ಹೆಜ್ಜೆ. ಆದರೆ ನನ್ನ ಗಾಡಿಯ ದೀಪ ಆರಿಸಲು ಅದರಿಂದ ಆಗಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರಿನ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜ್‌ಗೂ ಕೊಡಬೇಕು ಅಂತ ಕಾನೂನು ಮಾಡಿತ್ತು.

ನಮ್ಮಲ್ಲಿ ತುಂಬಾ ಗಾಡಿಗಳ ವಾರಂಟಿ ಮುಗಿಯುವ ಹೊತ್ತು ಹತ್ತಿರ ಬರುತ್ತಿದೆ. ಟಾಟಾ ನೆಕ್ಸಾನ್ ಇವಿ ಬಂದಿದ್ದು 2020ರ ಜನವರಿಯಲ್ಲಿ. ಮನೆ ಮನೆಗೆ ಎಲೆಕ್ಟ್ರಿಕ್ ಕಾರು ಬರಲು ಶುರುವಾಗಿದ್ದು ಆಗಲೇ. ಆ ವರ್ಷದ ಗಾಡಿಗಳಿಗೆ 2028ಕ್ಕೆ 8 ವರ್ಷ ತುಂಬುತ್ತದೆ. ಆರ್‌ಟಿಒ ಖಾಸಗಿ ಕಾರಿಗೆ ಕೊಡುವ ರಿಜಿಸ್ಟ್ರೇಷನ್ 15 ವರ್ಷ. ಮಧ್ಯದ 7 ವರ್ಷ ಈ ಗಾಡಿಗಳನ್ನು ಯಾರು ರಿಪೇರಿ ಮಾಡುತ್ತಾರೆ? ಆಗ ಅವು ಎರಡನೇ, ಮೂರನೇ ಓನರ್ ಕೈಯಲ್ಲಿ ಇರುತ್ತವೆ. ಕಷ್ಟಪಟ್ಟು ಕೂಡಿಸಿ ಮೊದಲ ಕಾರು ತಗೊಂಡವರ ಕೈಯಲ್ಲಿ.

ಬ್ಯಾಟರಿ ಬಿಟ್ಟು ಉಳಿದದ್ದೂ ಹೇಳಿಬಿಡುತ್ತೇನೆ. ಮೋಟಾರ್ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಗಾಡಿ ಭಾರ ಜಾಸ್ತಿ, ಹಾಗಾಗಿ ಚಕ್ರ ಹಿಡಿದಿರುವ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಎರಡು ಸಲ ಹೋಗಿದೆ. ಈಗಿನದು ನಾಲ್ಕನೇ ಸೆಟ್ ಟೈರ್. ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುವುದರಿಂದ ಬ್ರೇಕ್ ಪ್ಯಾಡ್ 1.5 ಲಕ್ಷದವರೆಗೂ ಬಂತು. ಒಂದು ಸಲ ಮಾತ್ರ ದಾರಿಯಲ್ಲಿ ನಿಂತೆ. ಅದಕ್ಕೆ ಕಾರಣ ಬಾನೆಟ್ ಕೆಳಗಿನ ಚಿಕ್ಕ 12 ವೋಲ್ಟಿನ ಬ್ಯಾಟರಿ. ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುವುದೇ ಅದು. ಅದು ಸತ್ತರೆ ಕೆಳಗೆ ಪೂರ್ತಿ ಚಾರ್ಜ್ ಇದ್ದರೂ ಗಾಡಿ ಏಳುವುದಿಲ್ಲ. ಮೂರು ವರ್ಷಕ್ಕೊಮ್ಮೆ ಸುಮ್ನೆ ಬದಲಿಸಿಬಿಡಿ. ಬ್ಯಾಟರಿ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ.

ಹೊಸ ಎಲೆಕ್ಟ್ರಿಕ್ ಕಾರು ನೋಡಲು ಹೋದರೆ ರೇಂಜ್ ಎಷ್ಟು ಅಂತ ಕೇಳುವ ಮೊದಲು ಇದನ್ನು ಕೇಳಿ. ಒಂದು ಮಾಡ್ಯೂಲ್ ಕೆಟ್ಟರೆ ಒಂದನ್ನೇ ಬದಲಿಸುತ್ತೀರಾ? ಅದರ ಬೆಲೆ ಎಷ್ಟು? ವಾರಂಟಿ ಮುಗಿದ ಮೇಲೂ ಮಾಡುತ್ತೀರಾ? ಉತ್ತರವನ್ನು ಬರೆದು ಕೊಡಿ ಅಂತ ಕೇಳಿ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ದರೆ ಮ್ಯಾನೇಜರ್ ಹತ್ತಿರ ಹೋಗಿ. ಹತ್ತು ಜನ ಕೇಳಿದರೆ ಮೇಲಿನವರೆಗೆ ಮುಟ್ಟುತ್ತದೆ.

ನನ್ನ ಗಾಡಿಯ ಕೋಡ್ ಅಳಿಸಿಕೊಡಿ ಅಂತ ಕಂಪನಿಗೆ ಮೂರನೇ ಪತ್ರ ಬರೆದಿದ್ದೇನೆ. ಪೀಣ್ಯದ ಹುಡುಗರು ಮಾಡಿದ ಪರೀಕ್ಷೆಗಳ ಹಾಳೆಯನ್ನೂ ಜೊತೆಗೆ ಇಟ್ಟಿದ್ದೇನೆ. ಉತ್ತರ ಬಂದ ದಿನ, ಏನೇ ಬರಲಿ, ಇಲ್ಲೇ ಓದಿ ಹೇಳುತ್ತೇನೆ.